ಇಂಟರ್ ತಾಲ್ಲೂಕು ನೆಟ್ಟು

ಲಕ್ಷ್ಮಿದೇವಮ್ಮ ಷಟಲ್ ಕ್ಲಬ್ಬಿನ ನೆಟ್ಟನ್ನು ಕತ್ತರಿಯಿಂದ ಕತ್ತರಿಸಿ ರೇಷ್ಮೆಹುಳದ ತಟ್ಟೆಗಳಿಗೆಲ್ಲ ಹಾಸಿದ್ದು ಶನಿವಾರ ಸಾಯಂಕಾಲ. ಅದು ಅವಳ ಗಂಡ ಬಯ್ಯಪ್ಪನಿಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಅಟ್ಟ ಹತ್ತಿ ಕೈಯಾಡಿಸಿದಾಗ ನೆಟ್ಟಿನ ಬದಲು ಒಂದು ಹಳೇ ಒನಕೆ ಸಿಕ್ಕ ಮೇಲೆ.

ಅವಳದ್ದೂ ತಪ್ಪೆನ್ನುವಂತಿಲ್ಲ. ಶಿಡ್ಲಘಟ್ಟದಲ್ಲಿ ಹುಳ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಹಸಿದು ಕೂತಿತೆಂದರೆ ಮನೆಯ ಗಂಡನಿಗೂ ಊಟ ಹುಳದ ಊಟವಾದ ಮೇಲೆಯೇ. ಹುಳದ ಮೇಲೆ ಬಲೆ ಹಾಸಿ, ಬಲೆಯ ಮೇಲೆ ಹೊಸ ಸೊಪ್ಪು ಉದುರಿಸಿದರೆ ಹುಳವೆಲ್ಲ ಕಣ್ಣುಗಳಲ್ಲಿ ನುಸುಳಿ ಮೇಲೆ ಬರುತ್ತವೆ. ಆಗ ಬಲೆ ಎತ್ತಿದರೆ ಕಸ ಕೆಳಗೇ ಉಳಿಯುತ್ತದೆ. ಷಟಲ್ ನೆಟ್ಟಿನ ಕಣ್ಣು ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

"ಇದು ಕ್ಲಬ್ಬಿನ ನೆಟ್ಟು ಕಣೇ," ಎಂದ ಬಯ್ಯಪ್ಪ. ತಟ್ಟೆಯ ಮೇಲಿನ ತುಂಡೊಂದರಲ್ಲಿ ನೆಟ್ಟಿನ ಬಿಳಿ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆ ಒಂದು ಹುಳ ತಲೆ ಎತ್ತಿ ಅವನನ್ನೇ ನೋಡುತ್ತಿತ್ತು.

"ನೆಟ್ಟೋ ಗಿಟ್ಟೋ, ಬಲೆ ಬಲೇನೇ. ದಿನಾ ಹಗ್ಗ ಕಟ್ಕೊಂಡು ತಾನೇ ನೀವೆಲ್ಲ ಆ ಕೋಳಿಪುಕ್ಕ ಹೊಡಿಯೋದು? ಇದು ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು."

"ಟೂರ್ನಮೆಂಟಿಗೆ ಅಂತ ಇಟ್ಟಿದ್ದೆ. ಇವತ್ತು ಚಿಂತಾಮಣಿಯೋರು ಬರ್ತಾರೆ. ಇಂಟರ್ ತಾಲ್ಲೂಕ್ ಮ್ಯಾಚು."

"ಅವ್ರಿಗೂ ಹಗ್ಗ ಕಟ್ಟಿ. ಬೇಡ ಅಂತಾರಾ?"

ಹಾಲಿನ ಡೇರಿಯ ಗುಮಾಸ್ತ ಬಯ್ಯಪ್ಪ ಸಾಧು ಪ್ರಾಣಿ. ಕ್ಲಬ್ಬಿನಲ್ಲಿ ಅವನ ಹುದ್ದೆ ಸಾಮಾನು ಸೆಕ್ರೆಟರಿ. ಹೆಸರು ದೊಡ್ಡದು, ಕೆಲಸ ಮಾತ್ರ ಬೇಲಿಯಾಚೆ ಬಿದ್ದ ಷಟಲ್ ಕಾಕನ್ನು ಹುಡುಕಿ ತರುವುದು, ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು, ಜಗಳವಾದರೆ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು. ಆಡುವುದಕ್ಕೆ ಮಾತ್ರ ಅವನನ್ನು ಯಾರೂ ಕರೆದವರಲ್ಲ. ಮೊನ್ನೆ ಕ್ಲಬ್ಬಿನ ಒಬ್ಬ ಒಳ್ಳೇ ಆಟಗಾರನಿಗೆ ವರ್ಗವಾಗಿ ಜಾಗ ಖಾಲಿಯಾದದ್ದರಿಂದ ಡಬಲ್ಸಿಗೆ ಬಯ್ಯಪ್ಪನ ಹೆಸರು ಬಂದಿತ್ತು. ಅವನು ಆ ಸುದ್ದಿಯನ್ನು ಡೇರಿಗೆ ಹಾಲು ಹಾಕಲು ಬರುವವರಿಗೆಲ್ಲ ಹೇಳಿ ಮುಗಿಸಿದ್ದ. ಬೋನಸ್ಸಿನಲ್ಲಿ ಕೊಂಡ ಬ್ಯಾಟಿನ ಹಿಡಿಯ ಚರ್ಮ ಕಿತ್ತುಹೋಗಿತ್ತೆಂದು ತಾನೇ ಕೂತು ಅದಕ್ಕೆ ಕೆಂಪು ರೇಷ್ಮೆ ದಾರ ಸುತ್ತಿ, ಬುಡದಲ್ಲಿ ಮೂರು ಗಂಟು ಹಾಕಿ, ಮೂಲೆಯಲ್ಲಿ ನಿಲ್ಲಿಸಿದ್ದ. ಈಗ ಆ ಬ್ಯಾಟನ್ನು ನೋಡಿ ಅವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ನೆಟ್ಟೇ ಇಲ್ದೆ ಈ ಬ್ಯಾಟ್ ಇಟ್ಕೊಂಡು ಏನ್ ಮಾಡ್ಲಿ? ನೊಣ ಹೊಡೀಲಾ? ನಂಗೆ ನೆಟ್ ಬೇಕು, ಅಷ್ಟೇ. ನೆಟ್ಟಿಲ್ಲ ಅಂದ್ರೆ ಈ ಊರಲ್ಲಿ ತಲೆ ಎತ್ಕೊಂಡು ತಿರುಗಂಗಿಲ್ಲ," ಎಂದು ಕೂಗಿ, ಕಾಫಿಯನ್ನೂ ಕುಡಿಯದೆ ಹೊರಟ. ಮದುವೆಯಾದ ಮೇಲೆ ಗಂಡ ದನಿ ಎತ್ತಿದ್ದು ಅದೇ ಮೊದಲು. ಲಕ್ಷ್ಮಿದೇವಮ್ಮ ಸೊಪ್ಪಿನ ಕಂತೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಕ್ಲಬ್ಬಿನ ಅಧ್ಯಕ್ಷರು ವೆಂಕಟರವಣಪ್ಪ ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮಾಸ್ತರರು. ಬಯ್ಯಪ್ಪ ದಾರಿಯುದ್ದಕ್ಕೂ ನಿಜ ಹೇಳಿಬಿಡುವುದೆಂದು ನಿಶ್ಚಯಿಸಿಕೊಂಡೇ ಹೋದ. ಆದರೆ ಮೇಷ್ಟ್ರ ಜಗಲಿಯ ಮೇಲೆ ಖಜಾಂಚಿ ಎರ್ರಪ್ಪ ಟೈಲರೂ, ಬಿಳಿ ಪ್ಯಾಂಟು ತೊಟ್ಟ ಬದಲಿ ಆಟಗಾರ ಆಂಜನಪ್ಪನೂ ಕೂತಿದ್ದನ್ನು ನೋಡಿ ಬಾಯಿಗೆ ಬಂದ ನಿಜ ವಾಪಸು ಹೋಯಿತು.

"ನೆಟ್ಟನ್ನ ಇಲಿ ಕಡಿದುಬಿಟ್ಟಿದೆ ಸಾರ್."

"ಎಷ್ಟು ಕಡಿದಿದೆ?" ಎಂದರು ಮೇಷ್ಟ್ರು.

"ಚೌಕ ಚೌಕವಾಗಿ ಸಾರ್."

ಎರ್ರಪ್ಪ ಅನುಮಾನದಿಂದ ನೋಡಿದ. ಬಟ್ಟೆ ಕತ್ತರಿಸಿ ಬದುಕುವವನು. ಚೌಕವಾಗಿ ಕಡಿಯುವ ಇಲಿಯನ್ನು ಅವನು ಕೇಳಿದವನಲ್ಲ. ಮೇಷ್ಟ್ರು ಮಾತ್ರ ತೊಡೆ ತಟ್ಟಿದರು.

"ಹೋಗಿದ್ದೇ ಒಳ್ಳೇದಾಯ್ತು ಬಿಡು. ಅದು ಲೋಕಲ್ ನೆಟ್ಟು. ಇದು ಇಂಟರ್ ತಾಲ್ಲೂಕ್ ಮ್ಯಾಚು. ಇಂಥದ್ದಕ್ಕೆ ಅಂತಲೇ ಬೇರೆ ನೆಟ್ ಬಂದಿದೆ. ಮೊನ್ನೆ ಪೆನ್ಷನ್ ವಿಷಯಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ನಲ್ಲ, ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಹಳದಿ ಬೋರ್ಡು. 'ಇಂಟರ್ ನೆಟ್ ಲಭ್ಯ, ಗಂಟೆಗೆ ಅರವತ್ತು ರೂಪಾಯಿ.' ಬಾಡಿಗೆಗೆ ಕೊಡ್ತಾರೆ."

"ಗಂಟೆಗೆ ಅರವತ್ತಾ? ಏಮಪ್ಪಾ, ಬಂಗಾರದ ದಾರದಲ್ಲಿ ಹೆಣೆದಿದ್ದಾನಾ?" ಎಂದ ಎರ್ರಪ್ಪ.

"ಇಂಟರ್ ಸ್ಕೂಲು, ಇಂಟರ್ ಕಾಲೇಜು, ಇಂಟರ್ ತಾಲ್ಲೂಕು. ಆ ಮಟ್ಟದ್ದಕ್ಕೆ ಆ ಮಟ್ಟದ ರೇಟು."

"ಅದೂ ನಿಜಾನೇ," ಎಂದು ಎರ್ರಪ್ಪ ಯೋಚಿಸಿದ. "ನಮ್ಮ ಭಾಮೈದ ಹೇಳ್ತಿದ್ದ. ಬೆಂಗಳೂರಲ್ಲಿ ಈಗ ಎಲ್ಲಾ ಆಫೀಸಿಗೂ ಇಂಟರ್ ನೆಟ್ ಹಾಕಿಸ್ತಾ ಇದಾರಂತೆ. ಹಾಕಿಸಿದ ಮೇಲೆ ಯಾರೂ ಕೆಲಸಾನೇ ಮಾಡಲ್ವಂತೆ, ದಿನವೆಲ್ಲ ಅದರ ಮುಂದೇನೇ ಇರ್ತಾರಂತೆ."

"ಷಟಲ್ ಹುಚ್ಚು ಹತ್ತಿದ್ರೆ ಹಂಗೇನೇ," ಎಂದರು ಮೇಷ್ಟ್ರು.

ಬಯ್ಯಪ್ಪ ಮೆಲ್ಲಗೆ, "ಇಲ್ಲೇ ಕರೀಂ ಸಾಬರ ಅಂಗಡೀಲಿ ಒಂದು ಸಲ ಕೇಳೋಣ್ವಾ ಸಾರ್?" ಎಂದ.

"ಅಲ್ಲಿ ಏನಿದೆ? ಹುಳದ ಮನೆಗೆ ಹೊಡಿಯೋ ಪೌಡರು, ಸುಣ್ಣ, ಚಾಪೆ. ಹಳೇ ಬ್ಯಾಟೊಂದೆರಡು ನೇತಾಡ್ತಿವೆ. ಎಲ್ಲಾ ಲೋಕಲ್ ಮಾಲು. ಚಿಂತಾಮಣಿಯೋರು ನಗ್ತಾರೆ."

ಎರ್ರಪ್ಪ ಒಳಜೇಬಿನಿಂದ ಕ್ಲಬ್ಬಿನ ದುಡ್ಡನ್ನು ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿ ತೆಗೆದ. ಚಿಂತಾಮಣಿಯವರ ಉಪ್ಪಿಟ್ಟಿಗೂ ಕಾಫಿಗೂ ಇಟ್ಟಿದ್ದ ದುಡ್ಡು ಅದು. ಅವರಿಗೆ ನೀರುಮಜ್ಜಿಗೆ ಸಾಕೆಂದು ಅಲ್ಲಿಯೇ ತೀರ್ಮಾನವಾಯಿತು.

"ನಾಲ್ಕು ಗಂಟೆಗೆ ಮ್ಯಾಚು," ಎಂದರು ಮೇಷ್ಟ್ರು. "ನೆಟ್ಟಿನ ಜೊತೆ ನೀನು ಬಂದ್ರೆ ಆಡ್ತೀಯ. ಬರ್ಲಿಲ್ಲ ಅಂದ್ರೆ ಆಂಜನಪ್ಪ ಇದಾನೆ."

"ನಾನು ರೆಡಿ," ಎಂದ ಆಂಜನಪ್ಪ ಕುಳಿತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಿ. "ಬ್ಯಾಟ್ ಒಂದಿಲ್ಲ, ಅದನ್ನ ಎಲ್ಲಾದ್ರೂ ಹೊಂಚ್ಕೊಳ್ತೀನಿ."

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಬಯ್ಯಪ್ಪ ಕೂರಲೂ ಆಗದೆ ನಿಲ್ಲಲೂ ಆಗದೆ ಕಂಡಕ್ಟರನಿಗೆ ಗಂಟೆ ಎಷ್ಟೆಂದು ಕೇಳುತ್ತಲೇ ಇದ್ದ. ಕಂಡಕ್ಟರು ಕೊನೆಗೆ ತನ್ನ ಗಡಿಯಾರವನ್ನೇ ಅವನ ಕಡೆ ತಿರುಗಿಸಿಕೊಂಡು ನಿಂತ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮೇಷ್ಟ್ರು ಹೇಳಿದ ಹಳದಿ ಬೋರ್ಡು ನಿಜವಾಗಿಯೂ ಇತ್ತು. ಅದು ವಜೀರನ ಎಸ್‌ಟಿಡಿ ಬೂತು. ಒಳಗೆ ಟೆಲಿವಿಷನ್ನಿನಂಥ ಪೆಟ್ಟಿಗೆಯೊಂದನ್ನು ಹೂವಿನ ಟವೆಲ್ ಹೊದಿಸಿ ಇಟ್ಟಿದ್ದರು. ವಜೀರನದು ನಡುವಯಸ್ಸು. ಅಂಗಡಿ ಶುರುವಾದಾಗಿನಿಂದ ಆ ಪೆಟ್ಟಿಗೆಯ ಗಿರಾಕಿಗೆಂದು ಅವನು ಕಾಯುತ್ತಲೇ ಇದ್ದ.

"ನೆಟ್ ಬೇಕಾಗಿತ್ತು," ಎಂದ ಬಯ್ಯಪ್ಪ.

"ಬನ್ನಿ ಬನ್ನಿ, ಕೂತ್ಕೊಳಿ. ಎಷ್ಟು ಗಂಟೆಗೆ ಬೇಕು?"

"ನಾಲ್ಕಕ್ಕೆ ಶುರು. ಎರಡು ಗಂಟೆ ಹೊತ್ತು ಇರಲಿ. ಉದ್ದ ಎಷ್ಟಿದೆ?"

ವಜೀರ್ ಟವೆಲ್ ಹೊದ್ದ ಪೆಟ್ಟಿಗೆಯ ಕಡೆ ನೋಡಿದ. "ಉದ್ದ ಅಂದ್ರೆ, ಇಡೀ ಪ್ರಪಂಚಕ್ಕೇ ಸುತ್ಕೊಂಡಿದೆ."

"ನಮಗೆ ಇಪ್ಪತ್ತಡಿ ಸಾಕು. ಹರಿದುಗಿರಿದು ಇಲ್ಲ ತಾನೆ?"

"ನಿಮ್ಮ ಹತ್ರ ಸುಳ್ಳು ಯಾಕೆ, ಆಗಾಗ ಕಟ್ ಆಗುತ್ತೆ."

"ಪರವಾಗಿಲ್ಲ, ಗಂಟು ಹಾಕ್ಕೊಳ್ತೀವಿ. ಸುತ್ತಿ ಕೊಡಿ, ಬಸ್ಸಿದೆ."

"ಸುತ್ತಿ ಕೊಡೋದಾ? ಇಲ್ಲೇ ಕೂತು ನೋಡ್ಬೇಕಪ್ಪ ಇದು."

"ನೋಡಿ ಏನ್ ಮಾಡ್ಲಿ? ಆಟ ಇರೋದು ಶಿಡ್ಲಘಟ್ಟದಲ್ಲಿ."

ಹೀಗೆ ಇನ್ನೂ ಸ್ವಲ್ಪ ಹೊತ್ತು ಇಬ್ಬರೂ ಬೇರೆ ಬೇರೆ ನೆಟ್ಟುಗಳನ್ನು ಹಿಡಿದು ಎಳೆದಾಡಿದ ಮೇಲೆ ವಿಷಯ ತಿಳಿಯಾಯಿತು. ಬಯ್ಯಪ್ಪನ ಮುಖ ಇಳಿದುಹೋಯಿತು. ವಜೀರನಿಗೆ ಕನಿಕರವೂ ಆಯಿತು, ಬಂದ ಗಿರಾಕಿ ಎದ್ದು ಹೋಗುತ್ತಾನಲ್ಲ ಎಂಬ ದಿಗಿಲೂ ಆಯಿತು.

"ಚಿಂತೆ ಬಿಡಿ," ಎಂದ. "ಈ ನೆಟ್ಟಲ್ಲಿ ಸಿಗದೇ ಇರೋ ವಸ್ತು ಇಲ್ಲ. ನಿಮ್ಮ ನೆಟ್ಟನ್ನೂ ಇದರಲ್ಲೇ ಹುಡುಕೋಣ."

ಟವೆಲ್ ತೆಗೆದ. ಪೆಟ್ಟಿಗೆ ಕೀಚಲು ದನಿಯಲ್ಲಿ ಕೂಗಿತು, ಕೆಮ್ಮಿತು, ಸುಮ್ಮನಾಯಿತು. ಗಂಟೆಯ ಲೆಕ್ಕ ಮಾತ್ರ ಸುಮ್ಮನಾಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಚಿತ್ರ ಮೇಲಿನಿಂದ ಎಳೆ ಎಳೆಯಾಗಿ ಇಳಿಯತೊಡಗಿತು. ಮೊದಲು ಬಿಳಿ ಪಟ್ಟಿ ಬಂತು. ಬಯ್ಯಪ್ಪ ಕುರ್ಚಿಯ ತುದಿಗೆ ಬಂದ. ಪಟ್ಟಿಯ ಕೆಳಗೆ ಒಂದು ಸಾಲು ಕಣ್ಣು ಬಂತು, ಇನ್ನೊಂದು ಸಾಲು ಬಂತು, ಅಷ್ಟರಲ್ಲಿ ಕರೆಂಟು ಹೋಯಿತು.

"ಪೂರ್ತಿ ಇಳಿದಿದ್ರೆ ಕೊಡ್ತಿದ್ರಾ?" ಎಂದು ಬಯ್ಯಪ್ಪ ಆಸೆಯಿಂದ ಕೇಳಿದ.

ಕರೆಂಟು ಬಂದ ಮೇಲೆ ಮೊದಲಿನಿಂದ ಶುರು. ಕೆಮ್ಮು, ಕೂಗು, ಪಟ್ಟಿ, ಕಣ್ಣು. ಈ ಸಲ ಚಿತ್ರದ ಬುಡದಲ್ಲಿ ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬನ ಫೋನ್ ನಂಬರೂ ಇಳಿಯಿತು. ವಜೀರ್ ಹೆಮ್ಮೆಯಿಂದ ಎಸ್‌ಟಿಡಿ ಹಚ್ಚಿ ಬಯ್ಯಪ್ಪನ ಕೈಗೆ ಕೊಟ್ಟ. ಇದಕ್ಕೆ ಲೆಕ್ಕ ಬೇರೆ.

"ಶಿಡ್ಲಘಟ್ಟದವರಾ?" ಎಂದಿತು ಆ ಕಡೆಯ ದನಿ, ಬಹಳ ಗೌರವದಿಂದ. "ನೀವು ಬೆಂಗಳೂರಿಗೆ ಯಾಕೆ ಫೋನ್ ಮಾಡಿದ್ರಿ ಸಾರ್? ನಿಮ್ಮೂರಲ್ಲೇ ಕರೀಂ ಸಾಬರ ಅಂಗಡಿ ಇದೆಯಲ್ಲ. ಬಂಡಲ್ ಬಂಡಲ್ ತರಿಸ್ಕೊಳ್ತಾರೆ. ನಮ್ಮ ಹತ್ರ ಷಟಲ್ ನೆಟ್ ಜಾಸ್ತಿ ಖರ್ಚಾಗೋದೇ ನಿಮ್ಮೂರಲ್ಲಿ. ಮನೆ ಮನೇಲೂ ಆಡ್ತೀರ ಅಂತ ಕಾಣುತ್ತೆ."

ಬಯ್ಯಪ್ಪನಿಗೆ ತಲೆ ಬುಡ ತಿಳಿಯಲಿಲ್ಲ. ಇಡೀ ಶಿಡ್ಲಘಟ್ಟಕ್ಕೆ ಇದ್ದದ್ದು ಒಂದೇ ಅಂಕಣ, ಅದಕ್ಕೂ ದಿನಾ ಹಗ್ಗವೇ ಗತಿ. ಆದರೆ ಯೋಚಿಸಲು ಹೊತ್ತಿರಲಿಲ್ಲ. ಉಪ್ಪಿಟ್ಟಿನ ದುಡ್ಡೂ ಕಾಫಿಯ ದುಡ್ಡೂ ವಜೀರನ ಮೇಜಿನ ಮೇಲೆ ಇಟ್ಟು, ಬಸ್ಸಿನ ಚಾರ್ಜು ಮಾತ್ರ ಉಳಿಸಿಕೊಂಡು ಓಡಿದ. ವ್ಯಾಪಾರಿಯ ವಿಳಾಸ ಒಂದಿರಲಿ ಎಂದು ವಜೀರ್ ಹಿಂದಿನಿಂದ ಕೂಗಿ ಒಂದು ಹಾಳೆ ಕೊಟ್ಟ. ಅಚ್ಚು ಯಂತ್ರದ ಮಸಿ ಮುಗಿದು ಅದರಲ್ಲಿ ಅರ್ಧ ನೆಟ್ಟಿನ ಚಿತ್ರವಷ್ಟೇ ಅಚ್ಚಾಗಿತ್ತು.

ವಾಪಸು ಬರುವ ಬಸ್ಸು ಮದುವೆಯ ದಿಬ್ಬಣವೊಂದನ್ನು ಹತ್ತಿಸಿಕೊಂಡು, ದಾರಿಯಲ್ಲಿ ಮರೆತುಬಂದ ತೆಂಗಿನಕಾಯಿ ಚೀಲಕ್ಕೆ ಕಾದು, ಆಮೇಲೆ ಟೈರು ಪಂಕ್ಚರ್ ಮಾಡಿಕೊಂಡು ನಿಂತಿತು. ಬಯ್ಯಪ್ಪ ತಾನೇ ಇಳಿದು ಜಾಕಿ ತಿರುಗಿಸಿದ. ಅಂಗಿಯೆಲ್ಲ ಗ್ರೀಸು. ಕರೀಂ ಸಾಬರ ಅಂಗಡಿಯ ಮುಂದೆ ಅವನು ಏದುಸಿರು ಬಿಡುತ್ತ ನಿಂತಾಗ ನಾಲ್ಕು ಹೊಡೆದು ಎಷ್ಟೋ ಹೊತ್ತಾಗಿತ್ತು.

"ಸಾಬ್ರೇ, ಷಟಲ್ ನೆಟ್ ಇದೆಯಾ?"

ಕರೀಂ ಸಾಬರು ಕನ್ನಡಕದ ಮೇಲಿನಿಂದ ನೋಡಿದರು. "ಷಟಲ್ ನೆಟ್ಟಾ? ಇಲ್ಲಪ್ಪ."

"ಬೆಂಗಳೂರಿನೋರು ಬಂಡಲ್‌ಗಟ್ಲೆ ಕಳಿಸ್ತೀವಿ ಅಂದ್ರಲ್ಲ."

"ಓ, ಅದಾ. ಅದನ್ನ ಹುಳದ ಬಲೆ ಅನ್ನಪ್ಪ. ಊರಿನ ಹೆಂಗಸ್ರೆಲ್ಲ ಹುಳಕ್ಕೆ ಅಂತ ಅದನ್ನೇ ಒಯ್ಯೋದು. ಕಣ್ಣಿನ ಅಳತೆ ಸರಿಯಾಗಿ ಕೂರುತ್ತೆ. ಇಷ್ಟು ವರ್ಷ ಆಯ್ತು, ಆಟಕ್ಕೆ ಅಂತ ಕೇಳಿದ ಗಂಡಸು ನೀನೇ ಮೊದಲು."

ಬಯ್ಯಪ್ಪನಿಗೆ ನಗು ಬರಲಿಲ್ಲ. ತನ್ನ ಮನೆಯಿಂದ ಕೂಗಳತೆ ದೂರದಲ್ಲಿ ಇದ್ದ ನೆಟ್ಟಿಗಾಗಿ ಅವನು ಪ್ರಪಂಚ ಸುತ್ತಿ ಬಂದಿದ್ದ. "ಏನೋ ಒಂದು ಬಲೆ. ಬೇಗ ಕೊಡಿ."

"ಕೊನೇದಿತ್ತು, ಮಧ್ಯಾಹ್ನ ಹೋಯ್ತು. ನಿಮ್ಮನೆಯೋರೇ ಬಂದು ತಗೊಂಡು ಹೋದ್ರು."

ಕರೀಂ ಸಾಬರು ಇನ್ನೂ ಏನೋ ಹೇಳುವವರಿದ್ದರು. ಕೇಳಲು ಬಯ್ಯಪ್ಪ ಅಲ್ಲಿರಲಿಲ್ಲ. ಅವನ ಕಣ್ಣ ಮುಂದೆ ಲಕ್ಷ್ಮಿದೇವಮ್ಮನೂ ಅವಳ ಕತ್ತರಿಯೂ ಹುಳದ ತಟ್ಟೆಗಳೂ ಕಾಣಿಸುತ್ತಿದ್ದವು. ಮನೆಗೆ ಓಡಿದರೆ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಬಗ್ಗಿ ಕೇಳಿದರೆ ಒಳಗೆ ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಆಯಿತು, ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ ಮೇಷ್ಟ್ರ ಕಾಲಿಗೆ ಬೀಳುವುದೆಂದು ಮೈದಾನದ ಕಡೆ ನಡೆದ.

ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಷಟಲ್ ಹೊಡೆಯುವ ಸದ್ದು ಕೇಳಿಸುತ್ತಿತ್ತು. ಎರಡು ಕಂಬಗಳ ನಡುವೆ ಹೊಚ್ಚಹೊಸ ನೆಟ್ಟು, ಮಡಿಕೆ ಕೂಡ ಬಿಟ್ಟಿರಲಿಲ್ಲ. ಒಂದು ಪಕ್ಕದಲ್ಲಿ ಚಿಂತಾಮಣಿಯವರು. ಇನ್ನೊಂದರಲ್ಲಿ ಬಯ್ಯಪ್ಪ ಇರಬೇಕಾದ ಜಾಗದಲ್ಲಿ ಆಂಜನಪ್ಪ, ಹಾರಿ ಹಾರಿ ಹೊಡೆಯುತ್ತಿದ್ದ.

"ಬಂದ, ನಮ್ಮ ಇಂಟರ್ ನೆಟ್ ಬಯ್ಯಪ್ಪ ಬಂದ," ಎಂದು ಮೇಷ್ಟ್ರು ಮೈಕಿನಲ್ಲಿ ಕೂಗಿದರು. ಜನ ಚಪ್ಪಾಳೆ ತಟ್ಟಿದರು.

ನಡೆದದ್ದು ಇಷ್ಟು. ಮೂರೂವರೆಗೆ ಲಕ್ಷ್ಮಿದೇವಮ್ಮ ನೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಗಂಡನ ಮಾನ ಹೋಗಬಾರದೆಂದು, "ನಮ್ಮನೆಯೋರು ಕಳಿಸಿದ್ರು," ಎಂದಷ್ಟೇ ಹೇಳಿ ಕೊಟ್ಟಿದ್ದಳು. ಗಂಡ ಚಿಕ್ಕಬಳ್ಳಾಪುರದಲ್ಲಿ, ನೆಟ್ಟು ಶಿಡ್ಲಘಟ್ಟದಲ್ಲಿ. ಮೇಷ್ಟ್ರಿಗೆ ಮೊದಲು ಗೊಂದಲವಾಗಿ, ಇಂಟರ್ ನೆಟ್ ತರಲು ಹೋದವನು ಇನ್ನೂ ಬಂದೇ ಇಲ್ಲವಲ್ಲ ಎಂದರು. ಆಗ ಚಿಂತಾಮಣಿ ತಂಡದ ನಾಯಕ, ಅಲ್ಪಸ್ವಲ್ಪ ಪೇಪರು ಓದುವವನು, "ಇಂಟರ್ನೆಟ್ಟಲ್ಲಿ ತರಿಸಿದ್ರಾ? ಹಂಗಂದ್ರೆ ಕಂಪ್ಯೂಟರಲ್ಲಿ ಆರ್ಡರ್ ಮಾಡಿದ್ರೆ ಸಾಮಾನು ಮನೆಗೇ ಬರುತ್ತೆ," ಎಂದು ಬಿಡಿಸಿ ಹೇಳಿದ. ಮೇಷ್ಟ್ರು ತಮಗೆ ಮೊದಲಿನಿಂದಲೂ ಅದು ತಿಳಿದಿತ್ತೆನ್ನುವಂತೆ ತಲೆಯಾಡಿಸಿಬಿಟ್ಟಿದ್ದರು.

"ಬೆಳಿಗ್ಗೆ ಹೇಳಿ ಮಧ್ಯಾಹ್ನಕ್ಕೆ ಬಂತಾ? ಅಮೇರಿಕದಲ್ಲೂ ಇಷ್ಟು ಬೇಗ ಬರಲ್ಲ," ಎಂದು ಆ ನಾಯಕ ಈಗ ಬಯ್ಯಪ್ಪನ ಗ್ರೀಸು ಮೆತ್ತಿದ ಕೈಯನ್ನು ಹಿಡಿದು ಕುಲುಕಿದ. "ನೀವು ಇನ್ನೂ ದಾರೀಲಿದ್ರಿ, ನೆಟ್ ಬಂದು ಕೂತಿದೆ."

ಬಯ್ಯಪ್ಪ ನಿಜ ಹೇಳಲು ಬಾಯಿ ತೆರೆದ. ನೆಟ್ಟು ಕರೀಂ ಸಾಬರದ್ದೆಂದರೆ ಉಪ್ಪಿಟ್ಟಿನ ದುಡ್ಡು ಎಲ್ಲಿ ಹೋಯಿತೆಂದು ಹೇಳಬೇಕು. ಅದನ್ನು ಹೇಳಿದರೆ ಇಲಿಯ ಸಂಗತಿ ಬರುತ್ತದೆ. ಇಲಿಯ ಸಂಗತಿ ಬಂದರೆ ಲಕ್ಷ್ಮಿದೇವಮ್ಮನ ಕತ್ತರಿ ಬರುತ್ತದೆ. ಅವಳು ಹೆಂಗಸರ ನಡುವೆ ನಿಂತು ಅವನನ್ನೇ ನೋಡುತ್ತಿದ್ದಳು. ಬಯ್ಯಪ್ಪ ಬಾಯಿ ಮುಚ್ಚಿಕೊಂಡ. ಜೇಬಿನ ಹಾಳೆಯನ್ನು ಮೇಷ್ಟ್ರು ತಾವೇ ಎಳೆದು ಎಲ್ಲರಿಗೂ ತೋರಿಸಿದರು.

"ಅರ್ಧ ಇಲ್ಲಿದೆ ನೋಡಿ. ಇನ್ನರ್ಧ ಕಂಬದಲ್ಲಿದೆ."

ಆಮೇಲೆ ಆಟ ನೋಡಿದವರು ಕಡಿಮೆ. ಬೆಳಿಗ್ಗೆ ಉಪ್ಪಿಟ್ಟಿಗೆ ಕತ್ತರಿ ಹಾಕಿದ ಎರ್ರಪ್ಪನೇ ಮೊದಲು ಬಂದು ಕಿವಿಯಲ್ಲಿ ಹೇಳಿದ: "ನಮ್ಮನೆಗೆ ಒಂದು ಕೇರಂ ಬೋರ್ಡು. ದುಡ್ಡಿನ ಮುಖ ನೋಡ್ಬೇಡ. ಇಂಟರ್ನೆಟ್ಟಿಂದೇ ಆಗ್ಬೇಕು." ಒಬ್ಬನಿಗೆ ವಾಲಿಬಾಲು ಬೇಕಾಯಿತು, ಇನ್ನೊಬ್ಬನಿಗೆ ಕ್ರಿಕೆಟ್ಟಿನ ಪ್ಯಾಡು. ಜನ್ಮದಲ್ಲಿ ಓಡದವರು ಓಡುವ ಬೂಟು ಕೇಳಿದರು. ಕರೀಂ ಸಾಬರ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದಾಗ ಯಾರಿಗೂ ಬೇಡವಾಗಿದ್ದ ಸಾಮಾನೆಲ್ಲ ಪೆಟ್ಟಿಗೆಯಿಂದ ಬರುತ್ತದೆಂದ ಕೂಡಲೇ ಎರಡರಷ್ಟು ಕೊಡಲು ಊರಿಗೆ ಊರೇ ತಯಾರಾಗಿತ್ತು.

"ಸಾರ್, ಮುಂದಿನ ಗೇಮು ನಾನು ಆಡ್ತೀನಿ," ಎಂದ ಬಯ್ಯಪ್ಪ, ಅಳುವವನ ಹಾಗೆ.

"ನೀನಿನ್ನು ಆಡೋದೇನೋ, ಆಡ್ಸೋನು," ಎಂದು ಮೇಷ್ಟ್ರು ಬೆನ್ನು ತಟ್ಟಿದರು. "ಇವತ್ತಿಂದ ನೀನು ಇಂಟರ್ನೆಟ್ ಸೆಕ್ರೆಟರಿ. ಅತಿಥಿಗಳ ಪಕ್ಕ ಕೂತ್ಕೊ, ಇಂಟರ್ನೆಟ್ ಅಂದ್ರೇನು ಅಂತ ಅವ್ರಿಗೆ ವಿವರವಾಗಿ ಹೇಳು."

ಆಟ ಮುಗಿಯಿತು. ಶಿಡ್ಲಘಟ್ಟ ಗೆದ್ದಿತು. ಆಂಜನಪ್ಪನನ್ನು ನಾಲ್ಕು ಜನ ಹೆಗಲ ಮೇಲೆ ಎತ್ತಿಕೊಂಡರು. ಅವನು ಕೆಳಗಿಳಿದ ಮೇಲೆ ಬೆವರು ಒರೆಸುತ್ತ ನೇರವಾಗಿ ಬಯ್ಯಪ್ಪನ ಹತ್ತಿರ ಬಂದ.

"ನಂಗೂ ಒಂದು ಇಂಟರ್ನೆಟ್ ಬ್ಯಾಟ್ ತರಿಸ್ಕೊಡಪ್ಪ. ಇದು ಕರೀಂ ಸಾಬರ ಅಂಗಡೀದು, ಲೋಕಲ್ ಮಾಲು. ಇವತ್ತೇ ಬಂತು ಅಂತ ಮಧ್ಯಾಹ್ನ ಕೊಟ್ರು. ಹೊಡ್ತ ಏನೋ ಚೆನ್ನಾಗಿ ಬೀಳುತ್ತೆ. ಬೇಕಾದ್ರೆ ಇದನ್ನ ನೀನೇ ತಗೋ, ಕೊಟ್ಟಿದ್ದಕ್ಕಿಂತ ಹತ್ತು ಜಾಸ್ತಿ ಕೊಡು ಸಾಕು."

ಬಯ್ಯಪ್ಪ ಬ್ಯಾಟನ್ನು ಕೈಗೆ ತೆಗೆದುಕೊಂಡ. ಹಿಡಿಗೆ ಕೆಂಪು ರೇಷ್ಮೆ ದಾರ ಸುತ್ತಿತ್ತು. ಬುಡದಲ್ಲಿ ಮೂರು ಗಂಟು. ಜೇಬಿನಲ್ಲಿ ಕಾಸಿರಲಿಲ್ಲ, ಬ್ಯಾಟನ್ನು ವಾಪಸು ಆಂಜನಪ್ಪನ ಕೈಗೇ ಇಟ್ಟ.

ಮನೆಗೆ ಹೋಗುವ ದಾರಿಯಲ್ಲಿ ಅವನು ಕೈಯ ಗ್ರೀಸನ್ನು ಅಂಗಿಗೆ ಒರೆಸುತ್ತ ನಡೆದ. ಲಕ್ಷ್ಮಿದೇವಮ್ಮ ಪಕ್ಕದಲ್ಲಿ ಸಂತೋಷವಾಗಿಯೇ ನಡೆಯುತ್ತಿದ್ದಳು. ಊರೆಲ್ಲ ಗಂಡನಿಗೆ ಚಪ್ಪಾಳೆ ತಟ್ಟಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಬ್ಯಾಟ್ ಕೊಟ್ಟು ಬಲೆ ತಂದ್ಯಾ?" ಎಂದ ಕೊನೆಗೆ.

"ಹೂಂ. ನೀವೇ ತಾನೇ ಅಂದಿದ್ದು, ನೆಟ್ ಇಲ್ದೆ ಬ್ಯಾಟ್ ಇಟ್ಕೊಂಡು ಏನ್ ಮಾಡ್ಲಿ ಅಂತ. ನೆಟ್ ಬೇಕು, ಅಷ್ಟೇ ಅಂದ್ರಿ. ಬ್ಯಾಟ್ ಬೇಕು ಅಂತ ಎಲ್ಲಂದ್ರಿ?"

ಬೀಗ ತೆಗೆದು ಒಳಗೆ ಹೋದರು. ಲಕ್ಷ್ಮಿದೇವಮ್ಮ ಸೊಪ್ಪಿನ ಪುಟ್ಟಿಯನ್ನು ಅವನ ಕೈಗಿಟ್ಟು, ಹುಳದ ಕೋಣೆಯ ಬಾಗಿಲು ತೆರೆದು, ಮೂಲೆಯ ಕಡೆ ಒಮ್ಮೆ ಕಣ್ಣಾಡಿಸಿ ಸಪ್ಪಗೆ ಹೇಳಿದಳು:

"ಊಜಿ ನೊಣ ಒಳಗೆ ಬಂದಿದೆ ಕಣ್ರೀ, ಹುಳಾನೆಲ್ಲ ಹಾಳು ಮಾಡುತ್ತೆ. ಆ ಬ್ಯಾಟಾದ್ರೂ ಇದ್ದಿದ್ರೆ ಹೊಡೀಬಹುದಿತ್ತು."